ನಮ್ಮ ಅಡುಗೆಮನೆ: ಒಂದೇ ಬಾಣಲೆಯಲ್ಲಿ ಚಿಕನ್ ಫಹೀಟಾ

ಶಿಫ್ಟ್ ಮುಗಿಸಿ ಲಿವರ್‌ಪೂಲ್ ಸ್ಟೇಷನ್ನಿನಲ್ಲಿ ಇಳಿಯೋ ಹೊತ್ತಿಗೆ ನಮ್ಮಲ್ಲಿ ಬಹಳ ಜನರಿಗೆ ಅಡುಗೆ ಮಾಡೋ ತ್ರಾಣ ಇರೋದಿಲ್ಲ. ದಾರಿಯಲ್ಲೇ ಏನೋ ಕಟ್ಟಿಸಿಕೊಂಡು ಬರ್ತೀವಿ. ವಾರಕ್ಕೆ ನಾಲ್ಕು ದಿನ ಹೀಗಾದರೆ ಊರಿಗೆ ಕಳಿಸೋ ದುಡ್ಡಿಗೇ ಕತ್ತರಿ. ಅದಕ್ಕೇ ಈ ತಿಂಗಳು ಮುಕ್ಕಾಲು ಗಂಟೆಯಲ್ಲಿ ಮುಗಿಯೋ ಅಡುಗೆ.

ಹೆಸರು ಕೇಳಿ ದೊಡ್ಡ ಹೋಟೆಲಿನ ತಿಂಡಿ ಅಂದ್ಕೋಬೇಡಿ. ಇದು ಕೂಲಿಯವರ ಊಟ. ಟೆಕ್ಸಸ್–ಮೆಕ್ಸಿಕೊ ಗಡಿಯಲ್ಲಿ ದನ ಕಾಯುತ್ತಿದ್ದ ಮೆಕ್ಸಿಕನ್ ಆಳುಗಳಿಗೆ, ಧಣಿಗಳು ತಮಗೆ ಬೇಡವಾದ ಮಾಂಸವನ್ನು ಕೂಲಿಯ ಲೆಕ್ಕಕ್ಕೆ ಹಿಡಿದು ಕೊಡುತ್ತಿದ್ದರು. ಅದರಲ್ಲಿ ಉದ್ದನೆಯ ಗಟ್ಟಿ ಪಟ್ಟಿಯೂ ಒಂದು. ಸ್ಪ್ಯಾನಿಷ್‌ನಲ್ಲಿ ‘ಫಾಹಾ’ ಅಂದರೆ ನಡುಪಟ್ಟಿ, ‘ಫಹೀಟಾ’ ಅಂದರೆ ಚಿಕ್ಕ ಪಟ್ಟಿ. ಅದನ್ನು ಕೆಂಡದ ಮೇಲೆ ಸುಟ್ಟು, ತೆಳ್ಳಗೆ ಕೊಯ್ದು, ರೊಟ್ಟಿಯಲ್ಲಿ ಸುತ್ತಿ ತಿಂದರು. 1969ರಲ್ಲಿ ಸನ್ನಿ ಫಾಲ್ಕನ್ ಟೆಕ್ಸಸ್‌ನ ಕೈಲ್ ಎಂಬ ಊರಲ್ಲಿ ಇದನ್ನು ಮಾರಾಟಕ್ಕಿಟ್ಟರು. ಕೋಳಿ, ಕ್ಯಾಪ್ಸಿಕಂ ಎಲ್ಲ ಸೇರಿದ್ದು ಆಮೇಲೆ.

ಮೂವರಿಗೆ ಬೇಕಾದ್ದು: ಮೂಳೆ, ಚರ್ಮ ಇಲ್ಲದ ಕೋಳಿ ತೊಡೆ 500 ಗ್ರಾಂ, ಕ್ಯಾಪ್ಸಿಕಂ 2, ದೊಡ್ಡ ಈರುಳ್ಳಿ 1, ನಿಂಬೆಹಣ್ಣು 1, ಬೆಳ್ಳುಳ್ಳಿ 3 ಎಸಳು, ಜೀರಿಗೆ ಪುಡಿ 1 ಚಮಚ, ಮೆಣಸಿನ ಪುಡಿ ಒಂದೂವರೆ ಚಮಚ, ಉಪ್ಪು, ಎಣ್ಣೆ. ಇವರು ಹಾಕೋ ಪ್ಯಾಪ್ರಿಕಾ ಹುಡುಕಿಕೊಂಡು ಹೋಗಬೇಡಿ. ಬಣ್ಣ ಜಾಸ್ತಿ, ಖಾರ ಕಮ್ಮಿ ಅಂದ್ರೆ ನಮ್ಮ ಬ್ಯಾಡಗಿ ಪುಡಿಯೇ ಸಾಕು.

ಕೋಳಿಯನ್ನು ಬೆರಳಗಲ ಪಟ್ಟಿಗಳಾಗಿ ಕೊಯ್ಯಿರಿ. ನಲ್ಲಿ ಕೆಳಗೆ ತೊಳೀಬೇಡಿ, ಸಿಡಿದ ನೀರು ಸಿಂಕಿಗೆಲ್ಲ ಸೂಕ್ಷ್ಮಜೀವಿ ಹರಡುತ್ತೆ. ಪೇಪರಲ್ಲಿ ಒರೆಸಿದರೆ ಸಾಕು. ಅರ್ಧ ನಿಂಬೆಯ ರಸ, ಜಜ್ಜಿದ ಬೆಳ್ಳುಳ್ಳಿ, ಪುಡಿಗಳು, ಉಪ್ಪು, ಎರಡು ಚಮಚ ಎಣ್ಣೆ ಕಲಸಿ ಅರ್ಧ ಗಂಟೆ ಫ್ರಿಡ್ಜಲ್ಲಿಡಿ. ಅಷ್ಟರಲ್ಲಿ ತರಕಾರಿ ಹೆಚ್ಚಿ, ಸ್ನಾನ ಮುಗಿಸಿ.

ಕಬ್ಬಿಣದ ಬಾಣಲೆ ಇದ್ದರೆ ಚೆನ್ನಾಗಿ ಕಾಯಿಸಿ. ಕರೆಂಟ್ ಒಲೆಗೆ ನಾಲ್ಕೈದು ನಿಮಿಷ ಬೇಕು. ನಾನ್‌ಸ್ಟಿಕ್ ಆದರೆ ಬರಿದಾಗಿ ಕಾಯಿಸಬೇಡಿ, ಎಣ್ಣೆ ಹಾಕಿ ಮಧ್ಯಮ ಉರಿಯಲ್ಲಿಡಿ. ಮೊದಲು ತರಕಾರಿಯನ್ನು ಮೂರ್ನಾಲ್ಕು ನಿಮಿಷ ಬಾಡಿಸಿ ತೆಗೆದಿಡಿ. ಆಮೇಲೆ ಕೋಳಿ, ಅದೂ ಎರಡು ಸರ್ತಿ ಮಾಡಿ. ಒಟ್ಟಿಗೇ ತುಂಬಿದರೆ ನೀರು ಬಿಟ್ಟು ಬೇಯುತ್ತೆ, ಹುರಿಯೋದಿಲ್ಲ. ಎರಡು ನಿಮಿಷ ಕೈಯಾಡಿಸದೆ ಬಿಟ್ಟು ತಿರುವಿಹಾಕಿ. ದಪ್ಪ ತುಂಡನ್ನು ಕೊಯ್ದರೆ ಒಳಗೆ ಕೆಂಪು ಕಾಣಬಾರದು. ಎಲ್ಲ ಸೇರಿಸಿ, ಉಳಿದ ನಿಂಬೆ ಹಿಂಡಿ. ಟಾರ್ಟಿಯಾ ಇಲ್ಲದಿದ್ದರೆ ಚಪಾತಿ, ಸವರ್ ಕ್ರೀಮ್ ಬದಲು ಗಟ್ಟಿ ಮೊಸರು.

ಒಂದು ಮಾತು: ಒಲೆ ಬಿಟ್ಟು ಫೋನಿಗೆ ಹೋಗಬೇಡಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಕೈಗೆಟುಕಿದರೆ ಒಲೆ ಆರಿಸಿ ಮುಚ್ಚಳ ಮುಚ್ಚಿ. ಆಗದಿದ್ದರೆ ಎಲ್ಲರೂ ಹೊರಗೆ ಬಂದು 000ಗೆ ಫೋನ್ ಮಾಡಿ.

ಮಿಕ್ಕಿದ್ದು ನಾಳೆಯ ಡಬ್ಬಿಗೆ. ಆರಲಿ ಅಂತ ರಾತ್ರಿಯಿಡೀ ಹೊರಗಿಡಬೇಡಿ. ಎರಡು ಗಂಟೆಯೊಳಗೆ ಫ್ರಿಡ್ಜಿಗೆ ಸೇರಲಿ. ಕೆಲಸಕ್ಕೆ ಒಯ್ಯುವಾಗ ಐಸ್ ಪ್ಯಾಕ್ ಜೊತೆಗಿರಲಿ, ಚಪಾತಿ ಬೇರೆ ಕಟ್ಟಿಕೊಳ್ಳಿ, ತಿನ್ನೋ ಮುಂಚೆ ಹಬೆ ಬರೋವರೆಗೂ ಬಿಸಿ ಮಾಡಿ. ಕ್ಯಾಶುಯಲ್ ಕೆಲಸದಲ್ಲಿ ಸಾಮಾನ್ಯವಾಗಿ ಸಂಬಳದ ಸಿಕ್ ಲೀವ್ ಇರೋದಿಲ್ಲ. ಹೊಟ್ಟೆ ಕೆಟ್ಟು ಮಲಗಿದ ದಿನ ಗಳಿಕೆ ಸೊನ್ನೆ. ನಿನ್ನೆಯ ಊಟ ಉಳಿಸೋಕೆ ಹೋಗಿ ಇವತ್ತಿನ ಕೂಲಿ ಕಳ್ಕೋಬೇಡಿ.

ಭಾನುವಾರ ಒಂದು ಕಿಲೋ ಕೋಳಿ ಕಲಸಿ, ಅರ್ಧ ಆವತ್ತೇ ಮಾಡ್ಕೊಂಡು ಅರ್ಧ ಫ್ರೀಜರಿಗೆ ಹಾಕಿಟ್ಟರೆ ವಾರದ ಮಧ್ಯೆ ಒಂದು ರಾತ್ರಿಯ ಚಿಂತೆ ಕಳೀತು. ಹಿಂದಿನ ರಾತ್ರಿಯೇ ಕೆಳಗಿನ ಫ್ರಿಡ್ಜಿಗೆ ಇಳಿಸೋದು ಮರೀಬೇಡಿ.