ರೋಗಾಣುನಾಶಕ ಸಾಬೂನು: ಒಂದು ವಿಚಾರ

ಶುಚಿತ್ವವು ಆರೋಗ್ಯದ ತಳಹದಿಯೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ. ಆದರೆ ಶುಚಿತ್ವದ ಹೆಸರಿನಲ್ಲಿ ಮಾರಾಟವಾಗುವ ವಸ್ತುಗಳೆಲ್ಲವೂ ಆರೋಗ್ಯಕ್ಕೆ ಪೂರಕವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕಟ್ಟಾಯದಂತಹ ಹೋಬಳಿ ಕೇಂದ್ರದ ಅಂಗಡಿಗಳವರೆಗೂ ಇಂದು ‘ರೋಗಾಣುಗಳನ್ನು ಕೊಲ್ಲುವ’ ಸಾಬೂನುಗಳು ಬಂದಿವೆ. ಮಕ್ಕಳ ಹಿತವನ್ನು ಬಯಸುವ ತಂದೆತಾಯಿಗಳೂ ವಿದ್ಯಾರ್ಥಿನಿಲಯಗಳಿಗೆ ನೆರವಾಗುವ ದಾನಿಗಳೂ ಹೆಚ್ಚಿನ ಬೆಲೆ ತೆತ್ತು ಅವನ್ನೇ ಕೊಳ್ಳುವುದುಂಟು. ಈ ಹೆಚ್ಚಿನ ವೆಚ್ಚ ಸಾರ್ಥಕವೇ?

ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟುಗಳಿಂದ ಮೈ ತೊಳೆಯುತ್ತಿದ್ದ ಈ ನಾಡಿಗೆ ಸಾಬೂನಿನ ಉದ್ಯಮವೂ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಸ್ಥಾಪಿತವಾಯಿತು. ಅಲ್ಲಿನ ಶ್ರೀಗಂಧದ ಸಾಬೂನು ಮನೆಮನೆಯ ಮಾತಾಯಿತು. ಸಾಬೂನಿನ ಗುಣ ಸರಳವಾದುದು. ಅದರ ಕಣದ ಒಂದು ತುದಿ ನೀರನ್ನೂ ಇನ್ನೊಂದು ತುದಿ ಜಿಡ್ಡನ್ನೂ ಹಿಡಿಯುತ್ತದೆ. ಹೀಗೆ ಕೈಯ ಜಿಡ್ಡಿನೊಡನೆ ರೋಗಾಣುಗಳೂ ಸಡಿಲಗೊಂಡು ನೀರಿನಲ್ಲಿ ಕೊಚ್ಚಿಹೋಗುತ್ತವೆ. ಕೊಲ್ಲುವ ರಾಸಾಯನಿಕವನ್ನು ಬೇರೆಯಾಗಿ ಬೆರೆಸದಿದ್ದರೂ ಈ ಕಾರ್ಯ ನಡೆಯುತ್ತದೆ.

ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಮೊದಲಾದ ರಾಸಾಯನಿಕಗಳನ್ನು ಬೆರೆಸಿದ ಸಾಬೂನುಗಳ ಕಥೆ ಬೇರೆ. ಇವುಗಳ ಮೇಲೆ ಕೇಳಿಬಂದಿರುವ ಆಕ್ಷೇಪಗಳು ಮೂರು. ಟ್ರೈಕ್ಲೋಸಾನ್ ಪ್ರಾಣಿಗಳ ಥೈರಾಯ್ಡ್ ರಸದೂತವನ್ನು ಏರುಪೇರು ಮಾಡುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಮನುಷ್ಯನ ವಿಷಯದಲ್ಲಿ ಅಂತಿಮ ನಿರ್ಣಯವಾಗಿಲ್ಲವಾದರೂ ಎಚ್ಚರಿಕೆ ಅಗತ್ಯ. ಎರಡನೆಯದಾಗಿ, ಈ ದ್ರವ್ಯಕ್ಕೆ ಒಗ್ಗಿಕೊಂಡ ಬ್ಯಾಕ್ಟೀರಿಯಾಗಳು ಔಷಧಗಳಿಗೂ ಜಗ್ಗದಂತಾಗಬಹುದೆಂಬ ಆತಂಕವಿದೆ. ಮೂರನೆಯದಾಗಿ, ಬಚ್ಚಲಿನ ನೀರಿನೊಡನೆ ಹರಿದುಹೋದ ಟ್ರೈಕ್ಲೋಸಾನ್ ಜಲಚರಗಳಿಗೆ ವಿಷವಾಗಬಲ್ಲದು. ಕೆರೆಗಳನ್ನೂ ಹೇಮಾವತಿಯನ್ನೂ ನಂಬಿ ಬದುಕುವ ಹಾಸನ ಸೀಮೆಯ ಜನ ಈ ಮಾತನ್ನು ಲಘುವಾಗಿ ಎಣಿಸಲಾಗದು.

ಇಷ್ಟು ಅಪಾಯವನ್ನು ಸಹಿಸಲು ತಕ್ಕ ಪ್ರಯೋಜನವಾದರೂ ಇರಬೇಕಷ್ಟೆ. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮನೆಬಳಕೆಯ ಇಂತಹ ಸಾಬೂನುಗಳಲ್ಲಿ ಈ ಎರಡೂ ಸೇರಿದಂತೆ 19 ದ್ರವ್ಯಗಳ ಬಳಕೆಯನ್ನು ತಡೆಯಿತು. ದೀರ್ಘಕಾಲದ ನಿತ್ಯಬಳಕೆ ಸುರಕ್ಷಿತವೆಂದಾಗಲಿ, ಸಾಮಾನ್ಯ ಸಾಬೂನು-ನೀರಿಗಿಂತ ಇವು ಮೇಲೆಂದಾಗಲಿ ತಯಾರಕರು ಸಿದ್ಧಪಡಿಸಿ ತೋರಿಸಲಿಲ್ಲವೆಂಬುದೇ ಅದಕ್ಕೆ ಕಾರಣ. ಮೇಲಾಗಿ ಮಕ್ಕಳನ್ನು ಪದೇ ಪದೇ ಕಾಡುವ ನೆಗಡಿ ವೈರಾಣುವಿನಿಂದ ಬರುವಂಥದು. ಬ್ಯಾಕ್ಟೀರಿಯಾನಾಶಕಕ್ಕೆ ಅಲ್ಲಿ ಕೆಲಸವಿಲ್ಲ.

ಆಸ್ಪತ್ರೆಗಳಲ್ಲಿ ರೋಗಾಣುನಾಶಕಗಳು ಬೇಡವೇ ಎಂದು ಕೇಳುವವರಿರಬಹುದು. ಖಂಡಿತ ಬೇಕು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯ ಸೆಮ್ಮೆಲ್‌ವೈಸ್ ಅವರು ಕ್ಲೋರಿನ್‌ಯುಕ್ತ ಸುಣ್ಣದ ನೀರಿನಿಂದ ಕೈ ತೊಳೆಯುವ ನಿಯಮ ತಂದು ಅನೇಕ ಬಾಣಂತಿಯರ ಪ್ರಾಣ ಉಳಿಸಿದರು. ಆದರೆ ಶಸ್ತ್ರವೈದ್ಯನ ಅಗತ್ಯವೇ ಬೇರೆ, ಹೊಲದಿಂದ ಬಂದು ಊಟಕ್ಕೆ ಕೂರುವ ಬಾಲಕನ ಅಗತ್ಯವೇ ಬೇರೆ.

ಆದುದರಿಂದ ಶಾಲೆಗಳಿಗೆ ಬೇಕಾದುದು ದುಬಾರಿ ಸಾಬೂನಲ್ಲ. ಸಾಕಷ್ಟು ನಲ್ಲಿಗಳು, ಬತ್ತದ ನೀರು, ಸಾಮಾನ್ಯ ಸಾಬೂನು. ಪಂಕ್ತಿಯಲ್ಲಿ ಕೂರುವ ಮುನ್ನ ನೂರಾರು ಮಕ್ಕಳು ಎರಡೇ ನಲ್ಲಿಗಳ ಮುಂದೆ ನೂಕಾಡುವಂತಿದ್ದರೆ ಯಾವ ಸಾಬೂನೂ ಫಲಕಾರಿಯಾಗದು. ಸಾಬೂನು ಕೊಳ್ಳುವವರು ಹೊದಿಕೆಯ ಮೇಲಿನ ಹೆಗ್ಗಳಿಕೆಯನ್ನು ಬಿಟ್ಟು, ಘಟಕದ್ರವ್ಯಗಳ ಪಟ್ಟಿಯನ್ನು ಓದುವುದು ಲೇಸು. ಉಳಿದ ಹಣವನ್ನು ಇನ್ನೊಂದು ನಲ್ಲಿಗೆ ವಿನಿಯೋಗಿಸಿದರೆ ದಾನವು ಚಿರಕಾಲ ಹರಿಯುತ್ತದೆ. ಬೆರಳುಗಳ ಸಂದು, ಉಗುರಿನ ಬುಡ ಸಹಿತ 20 ಸೆಕೆಂಡುಗಳ ಕಾಲ ಉಜ್ಜಿ ತೊಳೆಯುವ ಅಭ್ಯಾಸವನ್ನು ಉಪಾಧ್ಯಾಯರು ತಾವೇ ಮಾಡಿ ತೋರಿಸಬೇಕು. ಆ ಅಭ್ಯಾಸವನ್ನು ಯಾವ ಅಂಗಡಿಯೂ ಮಾರಲಾರದು. ಅದನ್ನು ಕಲಿಸಬಲ್ಲದ್ದು ಶಾಲೆ ಮತ್ತು ಮನೆ ಮಾತ್ರ.