ಮನೆಯಲ್ಲಿ ಹಳೆಯ ಮೋಟಾರು ಸೈಕಲ್ಲಿನ ಆರೈಕೆ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿರುವ ಜಾವಾ ಅಥವಾ ಯೆಜ್ಡಿ ಮೋಟಾರು ಸೈಕಲ್ಲುಗಳು ಈಗಲೂ ಉಂಟು. ತಂದೆಯವರು ಕಚೇರಿಗೆ ಹೋಗಿಬರುತ್ತಿದ್ದ ಗಾಡಿಯನ್ನು ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಇಂತಹ ಗೃಹಸ್ಥರಿಗಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಆಗಿನ ಜೆಕೊಸ್ಲೊವಾಕಿಯದ ಜಾವಾ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸತೊಡಗಿತು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿಹೋಯಿತು. ಜಾವಾ 2018ರಲ್ಲಿಯೂ ಯೆಜ್ಡಿ 2022ರಲ್ಲಿಯೂ ಪುನಃ ಮಾರುಕಟ್ಟೆಗೆ ಬಂದುವಾದರೂ, ಅವು ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರಗಳು. ಅವುಗಳ ಎಂಜಿನ್ ಭಾಗಗಳು ಎರಡು ಸ್ಟ್ರೋಕಿನ ಈ ಹಳೆಯವಕ್ಕೆ ಹೊಂದುವುದಿಲ್ಲ. ಹೀಗಾಗಿ ಹಳೆಯ ಗಾಡಿಯು ತವರಿಲ್ಲದ ಮಗಳಂತೆ. ಇರುವ ಮನೆಯವರೇ ಅದನ್ನು ವಿಚಾರಿಸಿಕೊಳ್ಳಬೇಕು.

ಗಾಡಿ ಹೊರಡದಿದ್ದಾಗ ಕೂಡಲೇ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದು ತರವಲ್ಲ. ರೋಗವನ್ನರಿಯದೆ ಮದ್ದು ಕೊಡುವ ವೈದ್ಯನುಂಟೇ? ಮೊದಲು ಪೆಟ್ರೋಲಿನ ನಲ್ಲಿ ತೆರೆದಿದೆಯೇ, ಕಾರ್ಬುರೇಟರಿಗೆ ಪೆಟ್ರೋಲು ಬರುತ್ತಿದೆಯೇ ಎಂದು ನೋಡತಕ್ಕದ್ದು. ಬಳಿಕ ಪ್ಲಗ್ಗನ್ನು ಬಿಚ್ಚಿದರೆ ಅದೇ ಅರ್ಧ ಕಥೆಯನ್ನು ಹೇಳುತ್ತದೆ. ತುದಿಯು ಕಂದು ಬಣ್ಣವಾಗಿದ್ದರೆ ಎಂಜಿನ್ನು ಕ್ಷೇಮ. ಕಪ್ಪಾಗಿ ಜಿಡ್ಡುಗಟ್ಟಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚಾಗಿದೆ. ಬಿಳುಪೇರಿದ್ದರೆ ಪೆಟ್ರೋಲು ಸಾಲದೆ ಎಂಜಿನ್ನು ಕಾಯುತ್ತಿದೆ. ಪ್ಲಗ್ಗು ಚೊಕ್ಕಟವಾಗಿದ್ದರೂ ಕಿಡಿ ಹಾರದಿದ್ದರೆ, ಪಾಯಿಂಟುಗಳನ್ನು ಒರೆಸಿ, ಅವುಗಳ ನಡುವಣ ಅಂತರವು ಪುಸ್ತಿಕೆಯಲ್ಲಿ ಹೇಳಿರುವಷ್ಟೇ ಇದೆಯೇ ಎಂದು ಪರೀಕ್ಷಿಸಬೇಕು.

ಈ ಗಾಡಿಗೆ ಎಣ್ಣೆಯನ್ನು ಪೆಟ್ರೋಲಿನೊಡನೆ ಬೆರೆಸಿಯೇ ಹಾಕಬೇಕಷ್ಟೆ. ಇಲ್ಲಿ ಧಾರಾಳವೂ ಬೇಡ, ಜಿಪುಣತನವೂ ಬೇಡ. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿಲೀಟರು ಎಂದರ್ಥ; ಅಳತೆಯ ಲೋಟವಿಲ್ಲದೆ ಕಣ್ಣಂದಾಜಿನಲ್ಲಿ ಸುರಿಯಬಾರದು. ಕಡಮೆಯಾದರೆ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಹೊಗೆ ಕಾರಿ, ಎರಡೂ ಸೈಲೆನ್ಸರುಗಳಲ್ಲಿ ಮಸಿ ತುಂಬಿ, ಗಾಡಿಯು ಏರಿನಲ್ಲಿ ಏದುತ್ತದೆ. ಅಳತೆ ಸರಿಯಾಗಿದ್ದೂ ಹೊಗೆ ನಿಲ್ಲದೆ, ಗೇರುಪೆಟ್ಟಿಗೆಯ ಎಣ್ಣೆಯು ತಾನಾಗಿ ಇಳಿಯುತ್ತಿದ್ದರೆ, ಒಳಗಿನ ಎಣ್ಣೆತಡೆಯ ರಬ್ಬರು ಸವೆದಿರುವ ಸಂಭವವುಂಟು. ಆ ಕೆಲಸವು ಪಳಗಿದ ಮೇಸ್ತ್ರಿಯದು.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲು ಬೆರೆತಿರುತ್ತದೆ. ಇದು ಗಾಳಿಯ ತೇವವನ್ನು ಹೀರುವುದಲ್ಲದೆ, ಹಳೆಯ ರಬ್ಬರಿನ ಕೊಳವೆಗಳನ್ನೂ ಕೆಡಿಸಬಲ್ಲದು. ಆದುದರಿಂದ ಕೊಳವೆಗಳನ್ನು ಆಗಾಗ ಮುಟ್ಟಿ ನೋಡಿ, ಬಿರುಕು ಬಿಟ್ಟುವನ್ನು ಬದಲಾಯಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಕಾರ್ಬುರೇಟರನ್ನು ಬರಿದುಮಾಡುವುದು ಒಳ್ಳೆಯದು. ಚೈನು ಕವಚದೊಳಗೆ ಅಡಗಿರುವುದರಿಂದ ಕಣ್ಣಿಗೆ ಬೀಳದೆ ಮರೆತುಹೋಗುತ್ತದೆ. ಅದಕ್ಕೂ ಎಣ್ಣೆಯನ್ನು ಕೊಟ್ಟು, ಬಿಗಿಯನ್ನು ನೋಡತಕ್ಕದ್ದು.

ಬಿಡಿಭಾಗ ಬೇಕಾದರೆ ಚಾಮರಾಜಪೇಟೆಗೆ ಸಮೀಪದ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಹೋಗುವಾಗ ಹಳೆಯ ತುಂಡನ್ನು ಕೊಂಡೊಯ್ದು, ಹೊಸದರ ಪಕ್ಕದಲ್ಲಿಟ್ಟು ತಾಳೆ ನೋಡಿಯೇ ಹಣ ಕೊಡಬೇಕು.

ಆದರೆ ಮನೆಯ ಕೆಲಸಕ್ಕೂ ಒಂದು ಎಲ್ಲೆಯಿದೆ. ಪ್ಲಗ್ಗು, ಪಾಯಿಂಟು, ಚೈನು, ತಂತಿ, ಕಾರ್ಬುರೇಟರಿನ ಶುಚಿ, ಇವು ಮನೆಯಲ್ಲಿ ಆಗತಕ್ಕವು. ಬ್ರೇಕಿನ ಸಂಗತಿಯು ಹಾಗಲ್ಲ. ಗಾಡಿ ಹೊರಡದಿದ್ದರೆ ಬಸ್ಸನ್ನು ಹಿಡಿದು ಹೋಗಬಹುದು. ನಿಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಲೈನರು ಸವೆದಿದೆಯೆಂಬ ಅನುಮಾನ ಬಂದ ದಿನವೇ ಮೇಸ್ತ್ರಿಗೆ ತೋರಿಸಬೇಕು. ಪೆಟ್ರೋಲಿನ ಕೆಲಸವನ್ನು ಬಯಲಿನಲ್ಲಿ, ಎಂಜಿನ್ನು ಆರಿದ ಮೇಲೆ, ದೀಪ ಒಲೆಗಳಿಂದ ದೂರದಲ್ಲಿ ಮಾಡಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಪೆಟ್ರೋಲನ್ನು ಎಂದಿಗೂ ಇಡಬಾರದು; ಬಾಯಾರಿದ ಮಗುವಿಗೆ ಭೇದ ತಿಳಿಯುವುದಿಲ್ಲ.

ಇಳಿಸಿದ ಎಣ್ಣೆಯನ್ನು ಮೋರಿಗೆ ಚೆಲ್ಲುವ ಕೆಟ್ಟ ರೂಢಿಯೊಂದಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟಿದಳೆಂದು ಹಿರಿಯರು ಹೇಳುವ ವೃಷಭಾವತಿಯು ಈಗಾಗಲೇ ಪಡಬಾರದ ಪಾಡನ್ನು ಪಟ್ಟಿದ್ದಾಳೆ. ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡುವುದೇ ಸರಿಯಾದ ಕ್ರಮ.

ಕೊನೆಗೊಂದು ಸೂಚನೆ. ಈ ಗಾಡಿಗಳ ಮರ್ಮವನ್ನು ಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ; ಅವರ ವಿದ್ಯೆಯ ಬಹುಪಾಲು ಕೈಯಲ್ಲಿದೆಯೇ ಹೊರತು ಕಾಗದದಲ್ಲಿಲ್ಲ. ಅವರು ಕೆಲಸ ಮಾಡುವಾಗ ಮನೆಯ ಮಕ್ಕಳನ್ನು, ಹುಡುಗಿಯರನ್ನೂ ಸೇರಿಸಿ, ಪಕ್ಕದಲ್ಲಿ ಕೂರಿಸಿರಿ. ಯಾವ ದಿನ ಏನು ಕೆಟ್ಟಿತು, ಹೇಗೆ ಸರಿಹೋಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿಸಿರಿ. ಮುಂದಿನ ತಲೆಮಾರಿಗೆ ಗಾಡಿಯೊಡನೆ ಆ ಪುಸ್ತಕವೂ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.