ಸುಡಾನ್ ಯುದ್ಧ: ಚನ್ನಗಿರಿಯವರು ಮರಳಿದರು, ಅಲ್ ಫಾಶಿರ್‌ನವರು ಎಲ್ಲಿಗೆ ಹೋಗಬೇಕು?

ಆಫ್ರಿಕಾದ ಸುಡಾನ್ ದೇಶದಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ನಡುವೆ 2023ರ ಏಪ್ರಿಲ್ 15ರಂದು ಯುದ್ಧ ಹೊತ್ತಿಕೊಂಡಾಗ ನಮ್ಮ ಜಿಲ್ಲೆಯವರೂ ಅಲ್ಲಿದ್ದರು. ಗಿಡಮೂಲಿಕೆಯ ತೈಲ, ಔಷಧಿಗಳನ್ನು ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದ 31 ಜನರ ಒಂದು ತಂಡ ಅಲ್ ಫಾಶಿರ್ ನಗರದ ಬಾಡಿಗೆ ಮನೆಯೊಂದರಲ್ಲಿ ಅನ್ನ ನೀರಿಲ್ಲದೆ ಸಿಲುಕಿಕೊಂಡಿತು. ಹುಣಸೂರು, ಶಿವಮೊಗ್ಗಗಳವರೊಂದಿಗೆ ಚನ್ನಗಿರಿ ತಾಲ್ಲೂಕಿನ ಐವರು ಆ ತಂಡದಲ್ಲಿದ್ದರು.

ಭಾರತ ಸರ್ಕಾರ ಏಪ್ರಿಲ್ 24ರಂದು 'ಆಪರೇಷನ್ ಕಾವೇರಿ' ಆರಂಭಿಸಿ, ಪೋರ್ಟ್ ಸುಡಾನ್‌ನಿಂದ ನೌಕಾಪಡೆಯ ಹಡಗು ಹಾಗೂ ವಾಯುಪಡೆಯ ವಿಮಾನಗಳಲ್ಲಿ ಜಿದ್ದಾಕ್ಕೆ ಸಾಗಿಸಿ, ಮೇ 5ರ ಹೊತ್ತಿಗೆ 3,862 ಜನರನ್ನು ಪಾರುಮಾಡಿತು. ಇದು ಮೆಚ್ಚತಕ್ಕ ಕಾರ್ಯ. ಆದರೆ ಸಾಲ ಮಾಡಿ ಸರಕು ಕೊಂಡು ಹೋಗಿದ್ದವರು ಬರಿಗೈಯಲ್ಲಿ ಮರಳಿದರು. ಸರ್ಕಾರ ಜೀವವನ್ನು ತಂದುಕೊಟ್ಟಿತು; ಸಾಲ ಊರಿನಲ್ಲಿಯೇ ಕಾದಿತ್ತು. ಬರಗಾಲದಲ್ಲಿ ಗುಳೆ ಹೋಗಿ ಬಂದ ನಮ್ಮ ಸೊಕ್ಕೆ ಸೀಮೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಅವರಿಗಾದರೂ ಕರೆದೊಯ್ಯಲು ಒಂದು ದೇಶವಿತ್ತು. ಅಲ್ ಫಾಶಿರ್‌ನವರಿಗೆ ಅದೇ ದೇಶ. 2024ರ ಮೇ ತಿಂಗಳಿನಿಂದ ಆ ನಗರ ಮುತ್ತಿಗೆಗೆ ಒಳಗಾಯಿತು. ಪರಿಹಾರದ ಲಾರಿಗಳು ಒಳಹೋಗಲಾರದೆ ನಿಂತವು. ಜನ ದನಕ್ಕೆ ಹಾಕುವ ಶೇಂಗಾ ಹಿಂಡಿಯನ್ನು ತಿಂದು ಜೀವ ಹಿಡಿದರು. ಸಮೀಪದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆಯೆಂದು 2024ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ತಜ್ಞರು ಘೋಷಿಸಿದರು. 2025ರ ಅಕ್ಟೋಬರ್ 26ರಂದು ನಗರ ಆರ್‌ಎಸ್‌ಎಫ್ ವಶವಾಯಿತು. ಹತ್ಯಾಕಾಂಡದಿಂದ ತಪ್ಪಿಸಿಕೊಂಡವರು ತವೀಲಾ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ಈ ಯುದ್ಧದಲ್ಲಿ ಮನೆ ಬಿಟ್ಟವರು ಒಂದು ಕೋಟಿಗೂ ಅಧಿಕ. ಇಂದಿನ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಸ್ಥಳಾಂತರ ಬೇರೊಂದಿಲ್ಲವೆಂದು ವಿಶ್ವಸಂಸ್ಥೆ ಹೇಳುತ್ತದೆ.

ಇಂಥಲ್ಲಿ ಅನ್ನ ಮುಟ್ಟಿಸಿದವರು ಯಾರು? ಬಹುಮಟ್ಟಿಗೆ ಓಣಿಯ ಯುವಕರು, ತಾಯಂದಿರು. 'ತುರ್ತು ಸ್ಪಂದನ ಕೊಠಡಿ'ಗಳೆಂಬ ಸ್ವಯಂಸೇವಕರ ಕೂಟಗಳು ಬಡಾವಣೆಗಳಲ್ಲಿ ಸಾಮೂಹಿಕ ಅಡುಗೆಮನೆಗಳನ್ನು ನಡೆಸಿದವು. ಅವುಗಳಿಗೆ ಅಲ್ಲಿ 'ತಕಾಯಾ' ಎನ್ನುತ್ತಾರೆ. ಸೂಫಿ ಸಂತರ ತಂಗುದಾಣಗಳಲ್ಲಿ ಬಂದವರಿಗೆಲ್ಲ ಉಣಬಡಿಸುತ್ತಿದ್ದ ಪದ್ಧತಿಯಿಂದ ಬಂದ ಹೆಸರು. ದಾಸೋಹದ ಮಠಗಳಲ್ಲಿ ಬೆಳೆದ ನಮಗೆ ಅದು ಪರಕೀಯವೆನಿಸದು. ಕಲ್ಯಾಣದ ರಕ್ತಪಾತದ ನಂತರ ಚನ್ನಬಸವಣ್ಣನವರೊಡನೆ ಉಳವಿಯತ್ತ ನಡೆದ ಶರಣರಿಗೂ ದಾರಿಯಲ್ಲಿ ಯಾರೋ ಅನ್ನವಿಕ್ಕಿರಲೇಬೇಕು. ಆ ಕೈಗಳ ಹೆಸರು ಚರಿತ್ರೆಯಲ್ಲಿ ಹೆಚ್ಚಾಗಿ ಸಿಗುವುದಿಲ್ಲ.

2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದ ಕೂಡಲೆ ಇಂಥ ನೂರಾರು ಅಡುಗೆಮನೆಗಳ ಒಲೆ ಆರಿತು. ದೊಡ್ಡ ಸಂಸ್ಥೆಗಳಿಗೆ ಹೋಗುವ ಹಣದಲ್ಲಿ ಓಣಿಯ ಕೂಟಗಳಿಗೆ ತಲುಪುವುದು ಅತ್ಯಲ್ಪ. ಲಾರಿ ಹೋಗದ ಊರಿಗೂ ಅಲ್ಲಿಯವರ ಕೈಗೆ ಹಣ ಸೇರಿದರೆ ಒಂದಿಷ್ಟು ಜೋಳವಾದರೂ ಬೇಯುತ್ತದೆ. ನೆರವು ನೀಡುವ ದೇಶಗಳು, ನಮ್ಮ ದೇಶವೂ ಸೇರಿ, ಮೊದಲು ಕೇಳಿಕೊಳ್ಳಬೇಕಾದುದು ಲಾರಿಗಳ ಸಂಖ್ಯೆಯನ್ನಲ್ಲ, ಆ ಓಣಿಗಳಲ್ಲಿ ಇಂದು ಎಷ್ಟು ಒಲೆ ಉರಿಯುತ್ತಿವೆ ಎಂಬುದನ್ನು.